ಕಿತ್ತೂರು–ನಂದಗಡ ಒಂದು ದಿನದ ಟೂರ್: ಗೈಡ್‌ಗೆ ಪೂರ್ತಿ ಅಂಕ, ಗಾಡಿಗೆ ಅರ್ಧ

ಹೋದ ತಿಂಗಳು ನಾನು, ನನ್ನ ಹೆಂಡತಿ, ಆಕೆಯ ಅಣ್ಣ, ಅತ್ತಿಗೆ ಸೇರಿ ಬೆಳಗಾವಿಯ ಒಂದು ಟ್ರಾವೆಲ್ಸ್‌ನಲ್ಲಿ ಒಂದು ದಿನದ ಟೂರ್ ಬುಕ್ ಮಾಡಿದೆವು. ಬೈಲಹೊಂಗಲ, ಸಂಗೊಳ್ಳಿ, ಕಿತ್ತೂರು, ನಂದಗಡ. ಗಾಡಿ, ಡ್ರೈವರ್, ಗೈಡ್ ಎಲ್ಲ ಸೇರಿ 5,800 ರೂಪಾಯಿ. ಊಟ ನಮ್ಮದೇ. ಟ್ರಾವೆಲ್ಸ್ ಹೆಸರು ಬರೆಯುವುದಿಲ್ಲ. ಹೊಸ ಹುಡುಗರು, ಇನ್ನೂ ಕಲಿಯುತ್ತಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸೈನ್ಯದ ತೋಪಖಾನೆಯಲ್ಲಿ 22 ವರ್ಷ ಇದ್ದವನು. ಕೋಟೆ ನೋಡಿದರೆ ಗೋಡೆಯ ಕೆತ್ತನೆ ಕಾಣುವುದಿಲ್ಲ. ತೋಪು ಎಲ್ಲಿ ನಿಂತಿರಬಹುದು ಅಂತಲೇ ಕಣ್ಣು ಹುಡುಕುತ್ತದೆ.

ಬೆಳಿಗ್ಗೆ ಆರೂವರೆಗೆ ಬರಬೇಕಿದ್ದ ಗಾಡಿ ಬಂದಿದ್ದು ಏಳೂಕಾಲಿಗೆ. ಹಿಂದಿನ ಸೀಟಿಗೆ ಎಸಿ ಗಾಳಿ ತಲುಪುತ್ತಲೇ ಇರಲಿಲ್ಲ. ಡ್ರೈವರ್ ಒಳ್ಳೆಯವನು, ಆದರೆ ಅವನ ಫೋನ್‌ಗೆ ಪುರುಸೊತ್ತಿರಲಿಲ್ಲ. ಗೈಡ್ ಮಾತ್ರ ಬೇರೆ ತೂಕದವರು. ಕನ್ನಡ ಶಾಲೆಯಿಂದ ನಿವೃತ್ತರಾದ ಮಾಸ್ತರು. ಕೈಯಲ್ಲಿ ಚೀಟಿ ಇಲ್ಲ, ಕೊರಳಲ್ಲಿ ಮೈಕ್ ಇಲ್ಲ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಸುಮ್ನೆ ನಡೆಯುತ್ತಾರೆ.

ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ. ಸೆರೆಯಲ್ಲೇ ಇದ್ದು 1829ರಲ್ಲಿ ತೀರಿಕೊಂಡ ಊರು ಇದು. ಹೆಂಗಸರಿಬ್ಬರೂ ಅಲ್ಲಿ ಜಾಸ್ತಿ ಹೊತ್ತು ಕೂತರು. ಸಂಗೊಳ್ಳಿಯ ರಾಕ್ ಗಾರ್ಡನ್ ಮಕ್ಕಳಿದ್ದರೆ ಚೆನ್ನ. ನಮಗೆ ಅರ್ಧ ತಾಸು ಸಾಕಾಯಿತು.

ಕಿತ್ತೂರಿಗೆ ಬಂದಾಗ ಹನ್ನೊಂದೂವರೆ. ಅರಮನೆಯ ಕುಸಿದ ಗೋಡೆ, ಧ್ರುವ ನಕ್ಷತ್ರ ನೋಡುವ ಕಿಂಡಿ, ಮ್ಯೂಸಿಯಂನ ಕತ್ತಿಗಳು, ಇವನ್ನೆಲ್ಲ ಎಲ್ಲರೂ ತೋರಿಸುತ್ತಾರೆ. ಮಾಸ್ತರು ನಮ್ಮನ್ನು ಮೊದಲು ಕೋಟೆ ಬಾಗಿಲಿನ ಹೊರಗೆ ಕರೆದೊಯ್ದು ನಿಲ್ಲಿಸಿದರು. 'ಸಾಹೇಬ್ರ, ನೀವು ತೋಪಿನವ್ರು ಅಂದ್ರಲ್ಲಾ. ನೀವಾಗಿದ್ರ ಎಲ್ಲಿ ನಿಲ್ಲಿಸ್ತಿದ್ರಿ, ಹೇಳ್ರಿ' ಅಂದರು. ಸತ್ಯ ಹೇಳಲಾ, ಯಾವ ಗೈಡ್ ಕೂಡ ನನ್ನನ್ನು ಇಂಥ ಪ್ರಶ್ನೆ ಕೇಳಿಲ್ಲ.

1824ರ ಅಕ್ಟೋಬರ್ 23. ಕಿತ್ತೂರಿನ ವಾರಸುದಾರ ಅಂತ ದತ್ತಕ ತೆಗೆದುಕೊಂಡ ಮಗನನ್ನು ಒಪ್ಪದೆ ಸಂಸ್ಥಾನ ಕೈಗೆ ತೆಗೆದುಕೊಳ್ಳಲು ಬಂದ ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪುಗಳನ್ನು ಕೋಟೆ ಬಾಗಿಲಿನ ಮುಂದೆ ತಂದಿಟ್ಟ. ಆ ಕಾಲದ ತೋಪು ಒಂದು ಸಲ ಹಾರಿದರೆ ಮುಗಿಯಿತು. ಮತ್ತೆ ನಳಿಗೆ ಒರೆಸಬೇಕು, ಮದ್ದು ತುರುಕಬೇಕು, ಗುಂಡು ಇಳಿಸಬೇಕು, ಬತ್ತಿ ಹಚ್ಚಬೇಕು. ಅಷ್ಟು ಹತ್ತಿರ ನಿಂತವನಿಗೆ ಅಷ್ಟು ಹೊತ್ತು ಯಾರು ಕೊಡುತ್ತಾರೆ? ಒಳಗಿನಿಂದ ಬಾಗಿಲು ತೆರೆಯಿತು, ಜನ ನುಗ್ಗಿದರು. ಚೆನ್ನಮ್ಮನ ಕಡೆಯ ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಜಾಗದ ಮೇಲೆ ನಿಂತು ನೋಡಿದರೆ ಇದು ಪವಾಡ ಅಲ್ಲ ಅಂತ ತಿಳಿಯುತ್ತದೆ. ಒಂದು ಕಡೆ ಸೊಕ್ಕು, ಇನ್ನೊಂದು ಕಡೆ ಸಮಯಪ್ರಜ್ಞೆ.

'ತೋಪಿನ ಕಡೆ ಸತ್ತವರು ಯಾರ್ರೀ ಮಾಸ್ತರ?' ಅಂತ ಕೇಳಿದೆ. ಅವರು ಬೆರಳು ಮಡಚಿದರು. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಸೀವೆಲ್, ಲೆಫ್ಟಿನೆಂಟ್ ಡೈಟನ್. ಆಮೇಲೆ ಬೆರಳು ನಿಂತಿತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಇದ್ದವರಲ್ಲಿ ಜಾಸ್ತಿ ಜನ ನಮ್ಮ ದೇಶದ ಸಿಪಾಯಿಗಳೇ, ಅಲ್ವಾ? ಥ್ಯಾಕರೆಗೆ ಧಾರವಾಡದಲ್ಲಿ ಸ್ಮಾರಕ ಇದೆ. ನಮ್ಮ ಕಡೆ ಹೋರಾಡಿದವರ ಎಣಿಕೆಯೂ ಬಾಳಪ್ಪ ಮತ್ತೆ ಇನ್ನೊಂದೆರಡು ಹೆಸರಿಗೆ ನಿಂತುಬಿಟ್ಟಿತು.

ನಮ್ಮ ಊರ ಹನುಮಪ್ಪನ ಗುಡಿ ಹಿಂದೆ ಒಂದು ವೀರಗಲ್ಲು ಇದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ. ದನ ಬಿಡಿಸಲು ಹೋಗಿ ಸತ್ತವನಿಗೂ ಅಂಥ ಒಂದು ಕಲ್ಲು ನೆಡುತ್ತಿದ್ದ ಸೀಮೆ ಇದು. ಕಿತ್ತೂರ ಬಾಗಿಲಲ್ಲಿ ಬಿದ್ದ ಸಾದಾ ಸಿಪಾಯಿಗೆ ಎಲ್ಲಿ ಕೈಮುಗಿಯಬೇಕು ಅಂತ ನನಗೆ ತೋಚಲಿಲ್ಲ. ಬಾಗಿಲ ಹತ್ತಿರ ನೆಲ ಮುಟ್ಟಿ ಎದ್ದೆ. ಹೆಂಡತಿ 'ಸೊಂಟ ಹಿಡೀತೇನ್ರೀ?' ಅಂತ ಕೇಳಿದಳು.

ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಸೈನ್ಯದ ಜತೆ ಮತ್ತೆ ಬಂತು. ಕೋಟೆ ಬಿತ್ತು. ಒಳಗಿನವರೇ ಮದ್ದಿನಲ್ಲಿ ಸೆಗಣಿ ಬೆರೆಸಿದರು ಅನ್ನುವ ಕಥೆಯನ್ನು ಮಾಸ್ತರು 'ಜನ ಹೇಳ್ತಾರ' ಅಂತ ಸೇರಿಸಿಯೇ ಹೇಳಿದರು. ಅದು ನನಗೆ ಹಿಡಿಸಿತು. ಹಸಿ ಸೇರಿದ ಮದ್ದು ಹೊತ್ತುವುದಿಲ್ಲ, ಅಷ್ಟು ನಾನು ಹೇಳಬಲ್ಲೆ.

ಊಟ ಖಾನಾವಳಿಯಲ್ಲಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ದೂರಲು ಏನೂ ಇಲ್ಲ.

ತಕರಾರು ಶುರುವಾಗಿದ್ದು ಆಮೇಲೆ. ಡ್ರೈವರ್ ಟೈರ್ ತೋರಿಸಿಕೊಂಡು ಬರುತ್ತೇನೆ ಅಂತ ಹೋಗಿ ಒಂದೂವರೆ ತಾಸು ಬಿಟ್ಟು ಬಂದ. ಬಂದವನೇ 'ನಂದಗಡ ಬ್ಯಾಡ್ರಿ, ಕತ್ಲಾಗ್ತೈತಿ' ಅಂದ. ದುಡ್ಡು ಕೊಟ್ಟಿದ್ದೇ ನಂದಗಡ ಸೇರಿಸಿ. ಆಫೀಸಿಗೆ ಫೋನ್ ಮಾಡಿದ ಮೇಲೆ ಹೊರಟ.

ದಾರಿಯಲ್ಲಿ ಬೀಡಿ ಅನ್ನುವ ಊರು. 1830ರ ಜನವರಿಯಲ್ಲಿ ಚೆನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣ ಇಲ್ಲಿನ ಕಚೇರಿಗೆ ಬೆಂಕಿ ಇಟ್ಟ. ಆತ ಶೇತಸನದಿ. ಅಂದರೆ ಸಂಬಳದ ಬದಲು ಹೊಲ. ಅಂಥವರ ಹೊಲದ ಮೇಲೆಯೇ ಕಂಪನಿ ಕೈ ಹಾಕಿತು. ನನ್ನ ಪಿಂಚಣಿ ಒಂದು ತಿಂಗಳು ತಡವಾದರೆ ನಾನು ಬ್ಯಾಂಕಿನಲ್ಲಿ ಎಷ್ಟು ಕೂಗಾಡುತ್ತೇನೆ ಅಂತ ಹೆಂಡತಿ ನೆನಪಿಸಿದಳು. ರಾಯಣ್ಣನನ್ನು ಹಿಡಿದುಕೊಟ್ಟವರೂ ಇದೇ ಸೀಮೆಯವರು. ಮಾಸ್ತರು ಅವರ ಹೆಸರು, ಊರು ಎಲ್ಲ ಗೊತ್ತಿದ್ದೂ ಗಾಡಿಯಲ್ಲಿ ಹೇಳಲಿಲ್ಲ. 'ಅವರ ಮೊಮ್ಮಕ್ಕಳು ನನ್ನ ಕಡೆ ಕಲ್ತಾರ್ರೀ' ಅಂದರು.

ನಂದಗಡ ಮುಟ್ಟಿದಾಗ ಆರು ಗಂಟೆ. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಸಮಾಧಿ ಹತ್ತಿರದ ದೊಡ್ಡ ಆಲದ ಮರದಲ್ಲಿ ಪುಟ್ಟ ಪುಟ್ಟ ಮರದ ತೊಟ್ಟಿಲು ತೂಗುತ್ತವೆ. ಮಕ್ಕಳಾಗದವರು ಹರಕೆ ಕಟ್ಟುತ್ತಾರೆ. ನಮ್ಮ ಅತ್ತಿಗೆ ಚೀಲದಿಂದ ಒಂದು ತೊಟ್ಟಿಲು ತೆಗೆದಾಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಗಳಿಗೆ ಮದುವೆಯಾಗಿ ಆರು ವರ್ಷ. ಆಕೆಗೆ ಕೊಂಬೆ ಎಟುಕಲಿಲ್ಲ. ಮಾಸ್ತರು ಕಟ್ಟಿಕೊಟ್ಟರು. ಅಷ್ಟರಲ್ಲಿ ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಅರ್ಧ ಅಂಕ ಕಳೆದದ್ದು ಅದಕ್ಕೇ.

ಬೆಳಗಾವಿಗೆ ಬಂದ ಮೇಲೆ 'ಎಕ್ಸ್‌ಟ್ರಾ ಟೈಮ್' ಅಂತ 700 ರೂಪಾಯಿ ಕೇಳಿದರು. ಟೈರ್ ಕಥೆ ಹೇಳಿದೆ. 300ಕ್ಕೆ ಇಳಿದರು, ಕೊಟ್ಟೆ. ಹೋಗುವವರು ದರ, ವೇಳೆ, ನಾಲ್ಕೂ ಊರಿನ ಹೆಸರು ಮೊಬೈಲ್‌ನಲ್ಲಿ ಬರೆಸಿಕೊಳ್ಳಿ. ನಂದಗಡದಿಂದ ಶುರು ಮಾಡಿ, ಕಿತ್ತೂರನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಅಕ್ಟೋಬರ್ 23ರಿಂದ 25ರ ಉತ್ಸವದಲ್ಲಿ ಗದ್ದಲ ಬಹಳ. ಮಾತು ಕೇಳಬೇಕು ಅನ್ನುವವರು ಬೇರೆ ದಿನ ಹೋಗಿ. ಮಾಸ್ತರನ್ನೇ ಕೊಡಿ ಅಂತ ಹಟ ಹಿಡಿಯಿರಿ. ನಾವು ಮುಂದಿನ ಸಲ ಅವರನ್ನು ನಮ್ಮ ಸ್ವಂತ ಗಾಡಿಯಲ್ಲೇ, 1857ರಲ್ಲಿ ಬೇಡರು ಬಂಡೆದ್ದ ಹಲಗಲಿಗೆ ಕರೆದೊಯ್ಯುವುದು ಅಂತ ಮಾತಾಗಿದೆ.