ಕಲಿಯುವವರ ವಿಡಿಯೊ, ಡಬ್ ಆದ ಸರಣಿ, ಆಡಿಯೊ ಕೋರ್ಸ್: ಕೇಳಿ ಕಲಿಯೋಕೆ ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಲಿಯುವವರಿಗೆಂದೇ ಮಾಡಿದ ವಿಡಿಯೊಗಳಿಗೆ. ಭಾಷೆ ಕಲಿಯಬೇಕೆಂದೇ ಸ್ಟ್ರೀಮಿಂಗ್ ಚಂದಾ ಕಟ್ಟಿದರೆ ಮೊದಲ ವರ್ಷದಲ್ಲಿ ಆ ದುಡ್ಡು ಮುಕ್ಕಾಲು ದಂಡ. ಆಡಿಯೊ ಕೋರ್ಸ್ ದಂಡವಲ್ಲ, ಆದರೆ ಅದು ಮಾಡುವ ಕೆಲಸವೇ ಬೇರೆ. ಹೋಲಿಕೆಗೆ ಸ್ಪ್ಯಾನಿಷ್ ಇಟ್ಟುಕೊಂಡಿದ್ದೇನೆ, ಏಕೆಂದರೆ ಮೂರೂ ಬಗೆಯ ಸಾಮಗ್ರಿ ಧಾರಾಳವಾಗಿ ಸಿಗುವ ಭಾಷೆ ಅದು.

ಕಲಿಯುವವರ ವಿಡಿಯೊ ಅಂದರೆ ಪಾಠವಲ್ಲ. ವ್ಯಾಕರಣ ಇಲ್ಲ, ಅನುವಾದ ಇಲ್ಲ. ಮಾತಾಡುವವರು ಬೋರ್ಡ್ ಮೇಲೆ ಚಿತ್ರ ಬರೆಯುತ್ತ, ಕೈಸನ್ನೆ ಮಾಡುತ್ತ, ವಸ್ತು ತೋರಿಸುತ್ತ ಏನೋ ಒಂದು ಕಥೆ ಹೇಳುತ್ತಾರೆ. ಈಗಿನ ಮಟ್ಟಕ್ಕಿಂತ ಒಂದೇ ಮೆಟ್ಟಿಲು ಮೇಲಿನ, ಅರ್ಥವಾಗುವ ಮಾತು ಸಾಕಷ್ಟು ಕಿವಿಗೆ ಬಿದ್ದರೆ ಭಾಷೆ ತಾನಾಗಿ ಕೂರುತ್ತದೆ ಎಂದು ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶನ್ 1980ರ ದಶಕದಲ್ಲಿ ವಾದಿಸಿದರು. ಬ್ಯಾಂಕಾಕಿನಲ್ಲಿ ಭಾಷಾವಿಜ್ಞಾನಿ ಜೆ. ಮಾರ್ವಿನ್ ಬ್ರೌನ್ ಥಾಯ್ ತರಗತಿಗಳನ್ನು ಇದೇ ದಾರಿಯಲ್ಲಿ ನಡೆಸಿದರು: ವಿದ್ಯಾರ್ಥಿಗಳು ಸುಮ್ಮನೆ ಕೂತು ಕೇಳಬೇಕು, ಬಾಯಿ ಬಿಡುವ ಅವಸರ ಬೇಡ. ಡ್ರೀಮಿಂಗ್ ಸ್ಪ್ಯಾನಿಷ್ ಎಂಬ ಕಲಿಯುವವರ ವಿಡಿಯೊ ತಾಣ ಅದೇ ಪರಂಪರೆಯದು. ಅಲ್ಲಿ ಪ್ರಗತಿಯನ್ನು ಅಳೆಯುವುದು ಕೇಳಿದ ಗಂಟೆಗಳಲ್ಲಿ: 50, 150, 300, 600, 1000, 1500.

ಮಟ್ಟ ಆರಿಸುವುದರಲ್ಲೇ ಹೆಚ್ಚಿನವರು ಎಡವುವುದು. ಮೂರು ನಿಮಿಷ ಪರದೆ ನೋಡುತ್ತ ಕೇಳಿ, ಆಮೇಲೆ ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿ. ಕಣ್ಣು ಮುಚ್ಚಿದಾಗಲೂ ಕಥೆಯ ಎಳೆ ಸಿಕ್ಕರೆ ಆ ಮಟ್ಟದ ಪಾಡ್‌ಕಾಸ್ಟ್‌ಗೆ ಹೋಗಬಹುದು. ಎಳೆ ತಪ್ಪಿದರೆ ಅರ್ಥ ಮಾಡಿಸುತ್ತಿರುವುದು ಚಿತ್ರ, ಕಿವಿಯಲ್ಲ. ವಿಡಿಯೊದಲ್ಲೇ ಮುಂದುವರಿಯಿರಿ, ಬರೀ ಆಡಿಯೊ ಕೇಳುವುದಿದ್ದರೆ ಒಂದು ಮಟ್ಟ ಕೆಳಗಿನದು ತೆಗೆದುಕೊಳ್ಳಿ. ನಿಮಿಷಕ್ಕೊಮ್ಮೆ ನಿಲ್ಲಿಸಿ ನಿಘಂಟು ನೋಡಬೇಕಾದರೆ ಅದು ನಿಮ್ಮ ಮಟ್ಟದ್ದಲ್ಲ.

ವೇಗ ತಗ್ಗಿಸುವ ಬಟನ್ ಬಗ್ಗೆಯೂ ಒಂದು ಮಾತು. 0.75ಕ್ಕೆ ಇಳಿಸಿದರೆ ಸ್ವರಗಳು ಎಳೆದಂತಾಗಿ ಮಾತಿನ ಲಯ ಕೆಡುತ್ತದೆ. 0.9ರವರೆಗೆ ಸರಿ. ಅದಕ್ಕೂ ಸಿಗದಿದ್ದರೆ ಸುಲಭದ ವಿಡಿಯೊ ಹಾಕಿ. ಸ್ಪ್ಯಾನಿಷ್‌ನಲ್ಲಿ ಕಷ್ಟ ಬರುವುದು ಬರೀ ವೇಗದಿಂದಲ್ಲ: ಒಂದು ಪದದ ಕೊನೆಯ ಸ್ವರ ಮುಂದಿನ ಪದದ ಮೊದಲ ಸ್ವರದೊಳಗೆ, ನಮ್ಮ ಸಂಧಿಯ ಹಾಗೆ, ಸೇರಿಕೊಳ್ಳುತ್ತದೆ. ಪದ ಎಲ್ಲಿ ಮುಗಿಯಿತೆಂದೇ ಗೊತ್ತಾಗುವುದಿಲ್ಲ. ಇದು ಸಾಮಾನ್ಯ ವೇಗದಲ್ಲಿ ಕೇಳಿಯೇ ಪಳಗಬೇಕಾದದ್ದು.

ಇನ್ನು ಡಬ್ ಆದ ಸರಣಿ. ನಾಲ್ಕು ಸಂಚಿಕೆ ನೋಡಿದವರಿಗೆಲ್ಲ ಅದರ ತಲೆನೋವು ಗೊತ್ತಿರುತ್ತದೆ: ಕಿವಿಗೆ ಬೀಳುವುದು ಒಂದು, ಸ್ಪ್ಯಾನಿಷ್ ಸಬ್‌ಟೈಟಲ್‌ನಲ್ಲಿ ಬರುವುದು ಇನ್ನೊಂದು. ಪಾತ್ರ 'ನೊ ತೆ ಪ್ರೆಯೊಕುಪೆಸ್' ಅನ್ನುತ್ತದೆ, ಕೆಳಗೆ 'ತ್ರಾಂಕಿಲೊ' ಎಂದಿರುತ್ತದೆ. ಎರಡೂ ಸಮಾಧಾನ ಹೇಳುವ ಮಾತೇ, ಎರಡೂ ಸರಿಯಾದ ಸ್ಪ್ಯಾನಿಷ್ಷೇ. ಆದರೆ ಕಲಿಯುವವನಿಗೆ ಬೇಕಾದದ್ದು ಕೇಳಿದ ಶಬ್ದಕ್ಕೆ ಅಕ್ಷರ, ಅದೇ ಅಲ್ಲಿಲ್ಲ.

ಕಾರಣ ಸರಳ. ಡಬ್ಬಿಂಗ್ ಬರೆಯುವವರು ತುಟಿಯ ಚಲನೆಗೆ, ಮಾತಿನ ಉದ್ದಕ್ಕೆ ಹೊಂದುವಂತೆ ಬರೆಯುತ್ತಾರೆ. ಸಬ್‌ಟೈಟಲ್ ಬರೆಯುವವರು ಓದುವ ವೇಗಕ್ಕೆ ಹೊಂದಿಸುತ್ತಾರೆ: ಸಾಲಿಗೆ ಸುಮಾರು 42 ಅಕ್ಷರ, ಎರಡೇ ಸಾಲು. ಇಬ್ಬರೂ ಮೂಲ ಭಾಷೆಯಿಂದ ಬೇರೆಬೇರೆಯಾಗಿ ಅನುವಾದ ಮಾಡಿರುತ್ತಾರೆ. ಸ್ಪ್ಯಾನಿಷ್‌ಗೆ ಇನ್ನೊಂದು ಸುತ್ತು ಇದೆ. ಆಡಿಯೊ ಲ್ಯಾಟಿನ್ ಅಮೆರಿಕದ್ದು, ಸಬ್‌ಟೈಟಲ್ ಸ್ಪೇನಿನದು ಆದರೆ 'ನೀವೆಲ್ಲ' ಎನ್ನಲು 'ಉಸ್ತೆದೆಸ್' ಕೇಳುತ್ತ 'ವೊಸೊತ್ರೊಸ್' ಓದಬೇಕು. ಕ್ರಿಯಾಪದದ ರೂಪವೂ ಅದರ ಜೊತೆಗೇ ಬದಲಾಗುತ್ತದೆ.

ಇಂಥ ಹೊತ್ತಿನಲ್ಲಿ ಸೋಲುವುದು ಕಿವಿ. ಕಣ್ಣಿಗೆ ಓದುವುದು ಸಲೀಸು, ಹಾಗಾಗಿ ಮನಸ್ಸು ಓದಿನ ಕಡೆ ವಾಲಿ, ಆಡಿಯೊ ಹಿನ್ನೆಲೆ ಸದ್ದಾಗುತ್ತದೆ. ಸರಣಿಯಿಂದ ವಾಕ್ಯ ಆರಿಸಿ ಆಂಕಿ ಎಂಬ ನೆನಪಿನ ಕಾರ್ಡುಗಳ ಆ್ಯಪ್‌ನಲ್ಲಿ ಕಾರ್ಡ್ ಮಾಡುವ ಅಭ್ಯಾಸವಿದ್ದರಂತೂ ಇನ್ನೂ ಕೆಟ್ಟದ್ದು: ಕಾರ್ಡಿನ ಒಂದು ಬದಿಯ ಧ್ವನಿಗೂ ಇನ್ನೊಂದು ಬದಿಯ ಬರಹಕ್ಕೂ ತಾಳೆಯಿಲ್ಲ, ಅದನ್ನೇ ತಿಂಗಳುಗಟ್ಟಲೆ ಉರು ಹೊಡೆಯುತ್ತಿರುತ್ತೀರಿ.

ಪರಿಹಾರವಿದೆ, ಆದರೆ ಕಿರಿಕಿರಿಯದ್ದು. ಸಬ್‌ಟೈಟಲ್ ಪಟ್ಟಿಯಲ್ಲಿ 'ಸಿಸಿ' ಎಂದು ಗುರುತಿರುವುದನ್ನು ಹುಡುಕಿ. ಅದು ಕಿವಿ ಕೇಳದವರಿಗಾಗಿ ಮಾಡಿದ್ದು. ಬಾಗಿಲು ಬಡಿದ ಸದ್ದನ್ನೂ ಬರೆದಿರುತ್ತಾರೆ, ಮಾತನ್ನು ಸಾಮಾನ್ಯವಾಗಿ ಆಡಿದ ಹಾಗೇ ಕೊಡುತ್ತಾರೆ. ಅದಿಲ್ಲದಿದ್ದರೆ ಮೂಲತಃ ಸ್ಪ್ಯಾನಿಷ್‌ನಲ್ಲೇ ತೆಗೆದ ಸರಣಿಗೆ ಹೋಗಿ. ಅಲ್ಲೂ ವೇಗದ ಮಾತನ್ನು ಕತ್ತರಿಸಿರುತ್ತಾರೆ, ಆದರೆ ಉಳಿದ ಪದಗಳಾದರೂ ಅವೇ ಇರುತ್ತವೆ. ಯಾವುದೇ ಇರಲಿ, ಮೊದಲ ಎರಡು ನಿಮಿಷದಲ್ಲಿ ಮೂರು ಸಾಲು ತಾಳೆ ನೋಡಿ. ಮೂರರಲ್ಲಿ ಎರಡು ತಪ್ಪಿದರೆ ಸಬ್‌ಟೈಟಲ್ ಆಫ್ ಮಾಡಿಬಿಡಿ.

ಹಾಗೆ ಆಫ್ ಮಾಡಿ ನೋಡಿದರೆ ಡಬ್ಬಿಂಗ್‌ಗೆ ಒಂದು ದೊಡ್ಡ ಗುಣವಿದೆ, ಅದನ್ನು ಒಪ್ಪಲೇಬೇಕು. ಸ್ಟುಡಿಯೊದಲ್ಲಿ ಮುದ್ರಿಸಿದ ಧ್ವನಿ, ಸ್ಫುಟವಾದ ಉಚ್ಚಾರಣೆ, ಒಬ್ಬರ ಮೇಲೊಬ್ಬರು ಮಾತಾಡುವುದು ಕಡಿಮೆ. ಮೊದಲೇ ನೋಡಿ ಕಥೆ ಗೊತ್ತಿರುವ ಸರಣಿಯನ್ನು ಹೀಗೆ ಬರೀ ಕಿವಿಯಿಂದ ನೋಡುವುದು ನಡುಮಟ್ಟದವರಿಗೆ ಒಳ್ಳೆಯ ಏಣಿ. 300 ಗಂಟೆ ಕೇಳುವುದಕ್ಕಿಂತ ಮೊದಲು ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ತಾಯ್ನುಡಿಯ ಸಬ್‌ಟೈಟಲ್ ಹಾಕಿಕೊಂಡು ನೋಡುವುದು ಮನರಂಜನೆ, ಅಷ್ಟೇ.

ಆಡಿಯೊ ಕೋರ್ಸ್‌ಗಳಲ್ಲಿ ಪಿಮ್ಸ್ಲರ್ ಬಗೆಯದನ್ನೇ ತೆಗೆದುಕೊಳ್ಳೋಣ. ಅರ್ಧ ಗಂಟೆಯ ಪಾಠ. ಕೇಳುತ್ತಾರೆ, ಬಿಡುವು ಕೊಡುತ್ತಾರೆ, ನೀವು ಗಟ್ಟಿಯಾಗಿ ಉತ್ತರಿಸಬೇಕು. ಪಾಲ್ ಪಿಮ್ಸ್ಲರ್ 1967ರಲ್ಲಿ ಸೂಚಿಸಿದ ಕ್ರಮದಲ್ಲಿ ಹೊಸ ಪದ 5 ಸೆಕೆಂಡಿಗೆ, 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ ಹೀಗೆ ಅಂತರ ಹಿಗ್ಗಿಸುತ್ತ ಮರಳಿ ಬರುತ್ತದೆ. ಉದ್ದ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಿ ಹೇಳಿಸುತ್ತಾರೆ. ನಾಲಿಗೆ ತಿರುಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಕೊರತೆ ಏನೆಂದರೆ ಸೂಚನೆಗಳು ಬಹುಪಾಲು ಇಂಗ್ಲಿಷ್‌ನಲ್ಲಿ. ಅರ್ಧ ಗಂಟೆಯಲ್ಲಿ ನಿಜವಾಗಿ ಕಿವಿಗೆ ಬೀಳುವ ಸ್ಪ್ಯಾನಿಷ್ ಕಡಿಮೆ, ಪದಸಂಪತ್ತು ಇನ್ನೂ ಕಡಿಮೆ.

ಹಾಗೆಂದು ಬಾಯಿ ಮುಚ್ಚಿಕೊಂಡೇ ಇರಿ ಎನ್ನುವ ಪಂಥಕ್ಕೂ ನಾನು ಸೇರಿದವನಲ್ಲ. ಕೆನಡಾದ ಫ್ರೆಂಚ್ ಇಮ್ಮರ್ಶನ್ ಶಾಲೆಗಳ, ಅಂದರೆ ಪಾಠಗಳನ್ನೇ ಫ್ರೆಂಚಿನಲ್ಲಿ ಹೇಳಿಕೊಡುವ ಶಾಲೆಗಳ, ಮಕ್ಕಳು ವರ್ಷಗಟ್ಟಲೆ ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಚೆನ್ನಾಗಿ ಪಳಗಿದ್ದರೂ ಮಾತಿನಲ್ಲಿ, ಬರಹದಲ್ಲಿ ವ್ಯಾಕರಣ ತಪ್ಪುತ್ತಲೇ ಇತ್ತು ಎಂದು ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ತೋರಿಸಿದರು. ಕೇಳುವುದು ಅಡಿಪಾಯ, ಗೋಡೆ ಬೇರೆಯೇ ಕಟ್ಟಬೇಕು.

ಅಡುಗೆ ಮಾಡುತ್ತ ಹಿನ್ನೆಲೆಯಲ್ಲಿ ರೇಡಿಯೊ ಓಡಿಸುವುದು? ಅರ್ಥವಾಗದ್ದು ಎಷ್ಟು ಗಂಟೆ ಓಡಿದರೂ ಸೊನ್ನೆ. ಒಮ್ಮೆ ಗಮನವಿಟ್ಟು ಕೇಳಿದ ಪಾಡ್‌ಕಾಸ್ಟನ್ನೇ ಮರಳಿ ಹಾಕಿದರೆ ಮಾತ್ರ ಉಪಯೋಗ.

ದಿನಕ್ಕೆ ಪರದೆಯ ಮುಂದೆ ಅರ್ಧ ಮುಕ್ಕಾಲು ಗಂಟೆ, ನಡೆಯುವಾಗ ಇನ್ನಷ್ಟು ಹೊತ್ತು ಕಿವಿ ಖಾಲಿ ಇರುವವರಿಗೆ, ಅಂದರೆ ನನ್ನಂಥವರಿಗೆ, ಲೆಕ್ಕ ಹೀಗೆ: ಪರದೆಗೆ ಕಲಿಯುವವರ ವಿಡಿಯೊ, ನಡಿಗೆಗೆ ಒಂದು ಮಟ್ಟ ಕೆಳಗಿನ ಪಾಡ್‌ಕಾಸ್ಟ್. ಎರಡೂ ಬಹುಪಾಲು ಪುಕ್ಕಟೆ. ಉಳಿದ ದುಡ್ಡು 300 ಗಂಟೆಯ ಆಚೆ ಒಬ್ಬರ ಜೊತೆ ಮಾತಾಡುವ ತರಗತಿಗೆ. ಮುಂದಿನ ತಿಂಗಳೇ ಪ್ರಯಾಣವಿದ್ದರೆ ಮಾತ್ರ ಆಡಿಯೊ ಕೋರ್ಸ್ ಮೊದಲು.

ನಿಮ್ಮ ಭಾಷೆಗೆ ಕಲಿಯುವವರ ವಿಡಿಯೊಗಳೇ ಇಲ್ಲದಿದ್ದರೆ ಮಕ್ಕಳ ಕಾರ್ಟೂನಿಗೆ ಓಡಬೇಡಿ. ಕೀರಲು ದನಿ, ಹಾಡು, ಪದದಾಟ. ದೊಡ್ಡವರಿಗೆ ಅದೇ ಕಷ್ಟ. ಅದರ ಬದಲು ಆ ಭಾಷೆಯ ಅಡುಗೆ ವಿಡಿಯೊಗಳು, ರಿಪೇರಿ ವಿಡಿಯೊಗಳು ನೋಡಿ. ಬಾಯಿ ಹೇಳಿದ್ದನ್ನೇ ಕೈ ಮಾಡುತ್ತಿರುತ್ತದೆ, ಅವೇ ಕ್ರಿಯಾಪದಗಳು ಹತ್ತು ನಿಮಿಷದಲ್ಲಿ ಹತ್ತಾರು ಸಲ ಬರುತ್ತವೆ. ಒಬ್ಬರೇ ಮಾತಾಡುವ ಒಂದೇ ಚಾನೆಲ್ ಹಿಡಿದುಕೊಂಡು ಕೂತರೆ ಅವರ ದನಿಗೆ, ಶೈಲಿಗೆ ಕಿವಿ ಬೇಗ ಹೊಂದಿಕೊಳ್ಳುತ್ತದೆ. ಎರಡನೆಯ ಚಾನೆಲ್ ಆಮೇಲೆ.