ಲ್ಯಾಬ್ರಡಾರ್ ಇರುವ ಮನೆಗೆ ಈ ಅಂಡರ್‌ಕೋಟ್ ರೇಕ್ ಬೇಕೇ ಬೇಕು

ನಾಯಿಯ ಮೈಯ ಒಳಪದರದ ಮೆತ್ತನೆಯ ಕೂದಲನ್ನು ಬಾಚಿ ತೆಗೆಯುವ ಬಾಚಣಿಗೆ ಇದು: ಎರಡು ಸಾಲು ಉಕ್ಕಿನ ಹಲ್ಲು, ಮರದ ಹಿಡಿ. ಧಾರವಾಡದ ಪೆಟ್ ಅಂಗಡಿಯಲ್ಲಿ 450 ರೂಪಾಯಿ ಕೊಟ್ಟೆ. ನಮ್ಮ ಲ್ಯಾಬ್ರಡಾರ್ ಲಡ್ಡುವಿನ ಕೂದಲು ಸೋಫಾದ ಮೇಲೆ, ಒಗೆದು ಒಣಗಿಸಿದ ಬಟ್ಟೆಯಲ್ಲಿ, ದೋಸೆ ಹಿಟ್ಟಿನ ಪಾತ್ರೆಯಲ್ಲಿ, ಎಲ್ಲೆಂದರಲ್ಲಿ ಸಿಗುತ್ತಿತ್ತು. ಈಗ ತುಂಬಾ ಕಡಿಮೆಯಾಗಿದೆ.

ಲಡ್ಡುವಿನ ಬೆನ್ನಿನ ಕೂದಲನ್ನು ಬೆರಳಿಂದ ಬಿಡಿಸಿ ನೋಡಿದರೆ ಎರಡು ಪದರ ಕಾಣುತ್ತದೆ. ಮೇಲೆ ಒರಟಾದ ಹೊಂಬಣ್ಣದ ಕೂದಲು. ಬುಡದಲ್ಲಿ ಬಿಳಿಚಿದ, ಹತ್ತಿಯಂತಹ ಮೆತ್ತನೆಯ ತುಪ್ಪಳ. ಈ ತಳಿಯ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೀನುಗಾರರ ಜೊತೆ ದುಡಿಯುತ್ತಿದ್ದ ನಾಯಿಗಳು. ಕೊರೆಯುವ ನೀರಿಗೆ ಇಳಿಯುವ ನಾಯಿಗೆ ಒಳತುಪ್ಪಳ ಬೇಕಲ್ವಾ? 19ನೇ ಶತಮಾನದಲ್ಲಿ ಬ್ರಿಟನ್ನಿನವರು ತಳಿ ಬೆಳೆಸುವಾಗಲೂ ಅದನ್ನು ಉಳಿಸಿಕೊಂಡರು. ಧಾರವಾಡದ ಸೆಕೆಯಲ್ಲೂ ಲಡ್ಡುವಿನ ಮೈಮೇಲೆ ಇರುವುದು ಅದೇ ಕೋಟು.

ಇದು ಉದುರುವುದಕ್ಕೆ ಬಿಸಿಲಿಗಿಂತ ಹಗಲಿನ ಉದ್ದ ಮುಖ್ಯ. ಹಗಲು ಹೆಚ್ಚುಕಮ್ಮಿ ಆದಂತೆ ಮೆಲಟೋನಿನ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳು ಏರಿಳಿದು ಹಳೆಯ ತುಪ್ಪಳ ಕಳಚುತ್ತದೆ. ಲಂಡನ್‌ನಲ್ಲಿ ಡಿಸೆಂಬರಿನ ಹಗಲು ಸುಮಾರು 8 ಗಂಟೆ, ಜೂನ್‌ನಲ್ಲಿ 16 ದಾಟುತ್ತದೆ. ನಮ್ಮಲ್ಲಿ ಸುಮಾರು 11ರಿಂದ 13, ಅಷ್ಟೇ. ಅದರ ಮೇಲೆ ರಾತ್ರಿ ಮಲಗುವವರೆಗೂ ಮನೆಯಲ್ಲಿ ಟ್ಯೂಬ್‌ಲೈಟ್. ಹಾಗಾಗಿ ಮನೆಯೊಳಗಿನ ನಾಯಿ ವರ್ಷವಿಡೀ ಅಷ್ಟಷ್ಟು ಉದುರಿಸುತ್ತಲೇ ಇರುತ್ತದೆ, ನಡುನಡುವೆ ಜಾಸ್ತಿ.

ಸ್ನಾನಕ್ಕೆ ಮುಂಚೆ, ಒಣ ಮೈಮೇಲೆ, ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ಒತ್ತಬಾರದು. ಹಲ್ಲಿನ ತುದಿ ದುಂಡಗಿರುವುದರಿಂದ ಚರ್ಮ ಗೀರುವುದಿಲ್ಲ. ತೊಡೆಯ ಹಿಂಭಾಗದಲ್ಲಿ ಒಂದೆರಡು ಸಲ ಎಳೆದರೆ ಸಾಕು, ಹಲ್ಲುಗಳ ನಡುವೆ ತುಪ್ಪಳ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ, ಹೊಂಬಣ್ಣದ ಕೂದಲು ಮಾತ್ರ ಮೈಮೇಲೇ ಉಳಿಯುತ್ತದೆ. ಮುಂಚೆ ತಂದಿದ್ದ ಬ್ಲೇಡಿನ ಬಾಚಣಿಗೆ ಮೇಲಿನ ಕೂದಲನ್ನೂ ತುಂಡು ಮಾಡುತ್ತಿತ್ತು. ಈ ರೇಕಿನ ಕೊರತೆ ಒಂದೇ: ತೊಳೆದು ಒರೆಸದೆ ಇಟ್ಟರೆ ಸ್ಕ್ರೂ ತುಕ್ಕು ಹಿಡಿಯುತ್ತದೆ.

"ಎಲ್ಲ ನಾಯಿಗೂ ಆಗ್ತದೆ" ಎಂದು ಅಂಗಡಿಯವರು ಹೇಳುತ್ತಾರೆ. ಆಗುವುದಿಲ್ಲ. ನಮ್ಮ ಮನೆಯಲ್ಲಿ ಚಿಗರಿ ಎಂಬ ಮುಧೋಳ ನಾಯಿಯೂ ಇದೆ. ಬಯಲಲ್ಲಿ ಮೊಲ ಅಟ್ಟಿಸಿಕೊಂಡು ಓಡುವುದಕ್ಕೆಂದೇ ಬೆಳೆಸಿದ ತಳಿ ಅದು. ಮೈಗಂಟಿದ ಗಿಡ್ಡ ಕೂದಲು. ರೇಕಿಗೆ ಅಲ್ಲಿ ಏನೂ ಸಿಗುವುದಿಲ್ಲ, ರಬ್ಬರ್ ಬ್ರಷ್ ಸಾಕು. ಪೂಡಲ್ ಸಾಕಿದವರೂ ಇದನ್ನು ಕೊಳ್ಳಬೇಡಿ. ಅದರ ಒಂದೊಂದು ಕೂದಲೂ ಬಹಳ ಕಾಲ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಉದುರುವುದು ಕಡಿಮೆ, ಕತ್ತರಿಸುತ್ತಲೇ ಇರಬೇಕು. ನಾಯಿಗಳ ಕೂದಲಿನಲ್ಲಿ ಕಾಣುವ ಬಹುಪಾಲು ವ್ಯತ್ಯಾಸ ಮೂರೇ ಜೀನ್‌ಗಳಿಂದ ಬರುತ್ತದೆ ಎಂದು 2009ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ: ಒಂದು ಉದ್ದಕ್ಕೆ, ಒಂದು ಗುಂಗುರಿಗೆ, ಒಂದು ಮೀಸೆ-ಹುಬ್ಬಿಗೆ. ಯಾವ ತಳಿಯಲ್ಲಿ ಯಾವುದು ಉಳಿಯಬೇಕು ಎಂದು ಆರಿಸಿದ್ದು ಮನುಷ್ಯರೇ.

ಇನ್ನೊಂದು ಮಾತು ಹೇಳಲೇಬೇಕು. ಬೇಸಿಗೆ ಬಂತೆಂದು ಲ್ಯಾಬ್ರಡಾರನ್ನು ಬೋಳಿಸಬೇಡಿ, ದಯವಿಟ್ಟು. ಮೇಲಿನ ಕೂದಲು ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ. ಬೋಳಿಸಿದ ಮೇಲೆ ಅದು ಮೊದಲಿನ ಹಾಗೆ ಬರದೆಯೂ ಇರಬಹುದು. ಸತ್ತ ತುಪ್ಪಳ ತೆಗೆದರೆ ಸಾಕು, ಚರ್ಮಕ್ಕೆ ಗಾಳಿಯಾಡುತ್ತದೆ. ಬಾಚುವಾಗ ಎಲ್ಲಾದರೂ ಬೋಳು ಮಚ್ಚೆಯೋ ಕೆಂಪು ಕಜ್ಜಿಯೋ ಕಂಡರೆ ಮಾತ್ರ ರೇಕ್ ಬದಿಗಿಟ್ಟು ಪಶುವೈದ್ಯರಿಗೆ ತೋರಿಸಿ.