ಐದು ದಿನದ ವಾರ್ಡ್ ವಾಸ: ಡಾಕ್ಟರಿಗೆ ಫುಲ್ ಮಾರ್ಕ್ಸ್, ಡಿಸ್ಚಾರ್ಜ್ ಚೀಟಿಗೆ ಸೊನ್ನೆ

ಮೇದೋಜೀರಕ, ಅಂದರೆ ಜೀರ್ಣರಸ ತಯಾರಿಸುವ ಗ್ರಂಥಿ, ಊದಿಕೊಂಡು (ಪ್ಯಾಂಕ್ರಿಯಾಟೈಟಿಸ್) ಆಸ್ಪತ್ರೆ ಸೇರಿದ್ದೆ. ಆಸ್ಪತ್ರೆಯ ಹೆಸರು ಬೇಡ, ಅನುಭವ ಮಾತ್ರ ಹೇಳುತ್ತೇನೆ. ಮೇಲ್ಹೊಟ್ಟೆಯಲ್ಲಿ ಶುರುವಾದ ನೋವು ಬೆನ್ನಿನವರೆಗೂ ಚುಚ್ಚುತ್ತಿತ್ತು. ಮುಂದಕ್ಕೆ ಬಗ್ಗಿ ಕೂತರೆ ಮಾತ್ರ ಸ್ವಲ್ಪ ಆರಾಮ. ತುರ್ತು ವಿಭಾಗದಲ್ಲಿದ್ದವರು ಮೊದಲು 'ಗ್ಯಾಸ್ ಇರಬೇಕು' ಎಂದು ಎರಡು ಗಂಟೆ ಸುಮ್ನೆ ಕೂರಿಸಿದರು. ಇದಕ್ಕೆ ಮಾರ್ಕ್ಸ್ ಕಟ್!

ಆಮೇಲೆ ರಕ್ತ ಪರೀಕ್ಷೆಯಲ್ಲಿ ಲೈಪೇಸ್ (ಮೇದೋಜೀರಕದ ಕಿಣ್ವ) ಮಾಮೂಲಿ ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ ಬಂತು. ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲು ಕಾಣಿಸಿತು. ಅಲ್ಲಿಂದ ಚಿಕಿತ್ಸೆಯಲ್ಲಿ ತಪ್ಪು ಹುಡುಕುವ ಹಾಗಿಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ವಾರ್ಡ್ ಡಾಕ್ಟರ್. ನನ್ನ ರಿಪೋರ್ಟಿನ ಹಿಂಬದಿಯಲ್ಲೇ ಪೆನ್ನಿನಿಂದ ಚಿತ್ರ ಬರೆದು ತೋರಿಸಿದರು. ಜಠರದ ಹಿಂದೆ ಅಡ್ಡ ಮಲಗಿದ ಮೇದೋಜೀರಕ, ಕೊಳವೆಯ ಬಾಯಿಯಲ್ಲಿ ಸಿಕ್ಕಿಕೊಂಡ ಪುಟ್ಟ ಕಲ್ಲು. 'ಕರುಳಿನಲ್ಲಿ ಕೆಲಸ ಶುರು ಮಾಡಬೇಕಾದ ರಸ ಒಳಗೇ ಶುರು ಮಾಡಿಬಿಟ್ಟಿದೆ, ಅದಕ್ಕೇ ಊತ' ಎಂದರು. ನಾನು ಕುಡಿಯುವವನಲ್ಲ ಎಂದು ನಾಲ್ಕು ಸಲ ಹೇಳಿದ್ದೆ. ಅವರು ನಕ್ಕು, ಕುಡಿತದಷ್ಟೇ ಈ ಕಲ್ಲೂ ದೊಡ್ಡ ಕಾರಣ, ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, ಸಾವಿರ ದಾಟಿದರೂ ಬರಬಹುದು ಎಂದರು.

ಡ್ರಿಪ್, ನೋವಿನ ಔಷಧಿ, ಎರಡನೇ ದಿನದಿಂದ ಸ್ವಲ್ಪ ಸ್ವಲ್ಪ ಊಟ. ಅದೇ ಭರ್ತಿಯಲ್ಲೇ ಪಿತ್ತಕೋಶ ತೆಗೆದರು, ಮತ್ತೆ ಕಲ್ಲು ಜಾರಬಾರದಲ್ವಾ!

ಡಿಸ್ಚಾರ್ಜ್ ಚೀಟಿ ಮಾತ್ರ ಯಾರಿಗೂ ಅರ್ಥವಾಗದ ಭಾಷೆಯಲ್ಲಿತ್ತು. ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ ತಕ್ಷಣ ಬನ್ನಿ ಅನ್ನೋದನ್ನೂ ನರ್ಸ್ ಬಾಯಲ್ಲೇ ಕೇಳಿ ತಿಳಿದುಕೊಂಡೆ. ಐದಕ್ಕೆ ನಾಲ್ಕು.